ಮೂವತ್ತೈದು ಮೈಲಿ

ಡರ್ಹಮ್ ಊರಲ್ಲಿ ಜನವರಿ ಒಂದನೇ ತಾರೀಖು ಜಿಟಿಜಿಟಿ ಮಳೆ ಹಿಡಿದರೆ ನನಗೆ 1942 ನೆನಪಾಗುತ್ತದೆ. ಆಗ ನಾನು ಹುಟ್ಟಿರಲಿಲ್ಲ. ನಮ್ಮಪ್ಪನೂ ಹುಟ್ಟಿರಲಿಲ್ಲ. ಆದರೂ ಆ ದಿನದ ಮಳೆ ನನಗೆ ಗುರುತಿನ ಮಳೆ ಅನ್ನಿಸುತ್ತದೆ.

ನಾವಿರೋದು ನಾರ್ತ್ ಕೆರೊಲೈನಾದಲ್ಲಿ. ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಇಲ್ಲೇ ನಿಂತ ನೂರಾರು ಕನ್ನಡದ ಮನೆಗಳಲ್ಲಿ ನಮ್ಮದೂ ಒಂದು. ರಜೆಯ ದಿನ ಮಗಳನ್ನು ಕರೆದುಕೊಂಡು ಡ್ಯೂಕ್ ಯೂನಿವರ್ಸಿಟಿ ಆವರಣದಲ್ಲಿ ಸುಮ್ನೆ ಓಡಾಡೋದು ನನಗೆ ಅಭ್ಯಾಸ. ಕಲ್ಲಿನ ಕಟ್ಟಡಗಳು, ಎತ್ತರದ ಚರ್ಚು, ಸುತ್ತ ಪೈನ್ ಮರ. ಆ ಮರಗಳ ನಡುವೆ ತಗ್ಗಿನಲ್ಲಿ ಕುದುರೆ ಲಾಳದ ಆಕಾರದ ಒಂದು ಕ್ರೀಡಾಂಗಣ ಇದೆ. 1929ರಲ್ಲಿ ಕಟ್ಟಿದ್ದು. ಈಗ ಅದರ ಹೆಸರು ವಾಲೆಸ್ ವೇಡ್ ಸ್ಟೇಡಿಯಂ. ಮೊದಲ ಕೆಲವು ವರ್ಷ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದೆ. ಒಳಗೆ ಏನು ನಡೆದಿತ್ತು ಅಂತ ಗೊತ್ತಿರಲಿಲ್ಲ.

ಇಲ್ಲಿಯ ಫುಟ್‌ಬಾಲ್ ಬಗ್ಗೆ ಎರಡು ಮಾತು ಹೇಳಬೇಕು. ಹೆಸರು ಫುಟ್‌ಬಾಲ್, ಆದರೆ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಚೆಂಡು ಎರಡೂ ತುದಿ ಚೂಪಾಗಿರುವ ಉದ್ದ ಚೆಂಡು. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಿನವರ ಪಾಲು. ಎದುರಿನವರ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, ಆರು ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು. ಕಬಡ್ಡಿ ಆಡಿ ಬೆಳೆದ ನನಗೆ ಈ ಆಟ ಹತ್ತಿರವಾಗೋಕೆ ಹೆಚ್ಚು ದಿನ ಬೇಕಾಗಲಿಲ್ಲ. ಹಿಡಿಯೋದು, ತಪ್ಪಿಸಿಕೊಳ್ಳೋದು, ಕೆಡವೋದು, ಕೆಡವಿದವನೇ ಕೈ ಕೊಟ್ಟು ಎಬ್ಬಿಸೋದು. ನಮ್ಮ ಮಣ್ಣಿನ ಅಂಕಣದಲ್ಲೂ ಇದೇ ತಾನೆ?

ಕಾಲೇಜು ಫುಟ್‌ಬಾಲ್‌ನಲ್ಲಿ ಎಲ್ಲಕ್ಕಿಂತ ಹಳೆಯ, ಎಲ್ಲರೂ ಕನಸು ಕಾಣುವ ಪಂದ್ಯ ರೋಸ್ ಬೌಲ್. ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಊರಲ್ಲಿ ಹೊಸ ವರ್ಷದ ದಿನ ನಡೆಯುತ್ತದೆ. ಬೆಳಿಗ್ಗೆ ಹೂವಿನ ತೇರುಗಳ ಮೆರವಣಿಗೆ, ಮಧ್ಯಾಹ್ನ ಆಟ. ಮೈಸೂರಿನವರಿಗೆ ಜಂಬೂಸವಾರಿ ಹೇಗೋ, ಅಲ್ಲಿಯವರಿಗೆ ಆ ಮೆರವಣಿಗೆ ಹಾಗೆ. 1916ರಿಂದ ಪ್ರತಿ ವರ್ಷ ತಪ್ಪದೆ ನಡೆದುಬಂದಿದ್ದ ಪಂದ್ಯ ಒಂದು ಸಲ ಪ್ಯಾಸಡೀನಾ ಬಿಟ್ಟು ದೂರದ ಡರ್ಹಮ್‌ಗೆ ಬಂತು. ಈ ಪೈನ್ ಮರಗಳ ನಡುವೆ ಬಂತು. 2021ರಲ್ಲಿ ಕೋವಿಡ್‌ನಿಂದಾಗಿ ಟೆಕ್ಸಸ್‌ಗೆ ಹೋಗುವವರೆಗೂ ಹೀಗೆ ಊರು ಬಿಟ್ಟು ನಡೆದದ್ದು ಅದೊಂದೇ ಸಲ.

ಆ ವರ್ಷ ಪಶ್ಚಿಮ ಕರಾವಳಿಯಿಂದ ಗೆದ್ದು ಬಂದವರು ಆರೆಗನ್ ಸ್ಟೇಟ್ ಕಾಲೇಜಿನ ಹುಡುಗರು. ಊರು ಕೊರ್ವಾಲಿಸ್. ವಿಲಾಮೆಟ್ ನದಿ ಬಯಲಿನ ಪುಟ್ಟ ಊರು. ಕೃಷಿ ಕಾಲೇಜು ಅಂತಲೇ ಹೆಸರಾಗಿದ್ದ ಸಂಸ್ಥೆ. ತಂಡದ ಹೆಸರು ಬೀವರ್ಸ್. ಕೋಚ್ ಲಾನ್ ಸ್ಟೈನರ್. 1941ರ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ ಮೊದಲ ಪಂದ್ಯವನ್ನೇ ಸದರ್ನ್ ಕ್ಯಾಲಿಫೋರ್ನಿಯಾ ತಂಡಕ್ಕೆ 13–7ರಲ್ಲಿ ಸೋತರು. ಕೊನೆಯ ಗಳಿಗೆಯಲ್ಲಿ ಕೈಬಿಟ್ಟುಹೋದ ಪಂದ್ಯ ಅದು. ಇಂಥ ಸೋಲು ಒಂದು ತಂಡವನ್ನು ಮುರಿಯಬಹುದು, ಗಟ್ಟಿ ಮಾಡಲೂಬಹುದು. ಇವರು ಗಟ್ಟಿಯಾದರು. ವಾಷಿಂಗ್ಟನ್ ಮೇಲೆ 9–6. ಅದರ ಮುಂದಿನ ವಾರ ಸ್ಟ್ಯಾನ್‌ಫರ್ಡ್ ಬಂತು. ಹಿಂದಿನ ಇಡೀ ವರ್ಷ ಒಂದು ಪಂದ್ಯವನ್ನೂ ಸೋಲದೆ ರೋಸ್ ಬೌಲ್ ಗೆದ್ದಿದ್ದ ತಂಡ. ಕೊರ್ವಾಲಿಸ್‌ನಲ್ಲಿ ಅವರಿಗೆ ಒಂದೇ ಒಂದು ಅಂಕವೂ ಸಿಗಲಿಲ್ಲ. 10–0.

ಆಮೇಲೆ ವಾಷಿಂಗ್ಟನ್ ಸ್ಟೇಟ್‌ಗೆ ಇನ್ನೊಂದು ಸೋಲು, 7–0. ಅಲ್ಲಿಂದ ಮುಂದೆ ಸೋಲಿಲ್ಲ. ಐಡಹೊ, ಯುಸಿಎಲ್ಎ, ಕ್ಯಾಲಿಫೋರ್ನಿಯಾ, ಮೊಂಟಾನಾ. ಸಾಲಾಗಿ ಈ ನಾಲ್ಕು ತಂಡಗಳೂ ಇವರ ಎದುರು ಸೊನ್ನೆಗೆ ನಿಂತವು. ಒಂಬತ್ತು ಪಂದ್ಯಗಳಲ್ಲಿ ಇವರು ಎದುರಾಳಿಗಳಿಗೆ ಕೊಟ್ಟದ್ದು ಬರೀ 33 ಅಂಕ. ನವೆಂಬರ್ 29ರಂದು ಯೂಜೀನ್‌ಗೆ ಹೋಗಿ ಪಕ್ಕದೂರಿನ ಹಳೇ ಎದುರಾಳಿ ಆರೆಗನ್ ಯೂನಿವರ್ಸಿಟಿಯನ್ನು 12–7ರಲ್ಲಿ ಸೋಲಿಸಿದರು. ಅಲ್ಲಿಗೆ ರೋಸ್ ಬೌಲ್‌ ಟಿಕೆಟ್ ಖಾತ್ರಿಯಾಯಿತು. ಆ ಕಾಲೇಜು ಅದುವರೆಗೆ ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಹೊಲ, ಕಾಡು, ಹಾಲಿನ ಡೈರಿಗಳ ನಾಡಿನ ಹುಡುಗರಿಗೆ ಪ್ಯಾಸಡೀನಾದ ಬಿಸಿಲು ಕಣ್ಮುಂದೆ ಬಂದಿರಬೇಕು.

ಎಂಟೇ ದಿನ. ಡಿಸೆಂಬರ್ 7ರ ಭಾನುವಾರ ಬೆಳಿಗ್ಗೆ ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿದವು.

ಪಶ್ಚಿಮ ಕರಾವಳಿಯಲ್ಲಿ ರಾತ್ರಿ ದೀಪ ಆರಿಸುವುದು ಶುರುವಾಯಿತು. ಮುಂದಿನ ಬಾಂಬ್ ನಮ್ಮ ಮೇಲೇ ಅಂತ ಜನ ಹೆದರಿದರು. ಆ ಕರಾವಳಿಯ ರಕ್ಷಣೆಯ ಹೊಣೆ ಹೊತ್ತಿದ್ದವರು ಲೆಫ್ಟಿನೆಂಟ್ ಜನರಲ್ ಜಾನ್ ಡಿವಿಟ್. ಅಷ್ಟು ಜನ ಒಂದೇ ಕಡೆ ಸೇರುವುದು ಅಪಾಯ, ಪ್ಯಾಸಡೀನಾದಲ್ಲಿ ಪಂದ್ಯ ಬೇಡ, ಮೆರವಣಿಗೆಯೂ ಬೇಡ ಅಂತ ಡಿಸೆಂಬರ್ ಮಧ್ಯದಲ್ಲಿ ಕೇಳಿಕೊಂಡರು. ಡಿವಿಟ್ ಹೆಸರು ನೆನಪಿಟ್ಟುಕೊಳ್ಳಿ. ಮತ್ತೆ ಬರುತ್ತದೆ.

ಎದುರಾಳಿಯಾಗಿ ಆರಿಸಿಕೊಂಡಿದ್ದದ್ದು ಡ್ಯೂಕ್ ತಂಡ. ಆ ಋತುವಿನಲ್ಲಿ ಆಡಿದ ಒಂಬತ್ತು ಪಂದ್ಯವನ್ನೂ ಗೆದ್ದವರು. ಕೋಚ್ ವಾಲೆಸ್ ವೇಡ್. ಮೂರು ವರ್ಷದ ಹಿಂದೆ ಇದೇ ವೇಡ್ ಒಂದು ತಂಡವನ್ನು ಪ್ಯಾಸಡೀನಾಕ್ಕೆ ಕರೆದುಕೊಂಡು ಹೋಗಿದ್ದರು. ಇಡೀ ಋತುವಿನಲ್ಲಿ ಒಂದೂ ಅಂಕ ಬಿಟ್ಟುಕೊಡದ ತಂಡ ಅದು. ರೋಸ್ ಬೌಲ್‌ನ ಕೊನೆಯ ನಿಮಿಷದಲ್ಲಿ ಒಂದು ಟಚ್‌ಡೌನ್ ಬಿಟ್ಟುಕೊಟ್ಟು 7–3ರಲ್ಲಿ ಸೋತು ಬಂದಿತ್ತು. ಆ ನೋವಿದ್ದ ಮನುಷ್ಯ. ಪಂದ್ಯ ನಿಲ್ಲುವುದು ಬೇಡ, ನಮ್ಮೂರಿಗೇ ಬನ್ನಿ ಅಂತ ಡ್ಯೂಕ್‌ನವರು ಕರೆದರು. ಆರೆಗನ್‌ನವರು ಒಪ್ಪಿದರು.

ಇದಕ್ಕೆ ಬೇಕಾದ ಓಡಾಟ ಯೋಚಿಸಿ. ಕೈಯಲ್ಲಿ ಎರಡೂವರೆ ವಾರ ಇತ್ತು ಅಷ್ಟೆ. ಡ್ಯೂಕ್ ಕ್ರೀಡಾಂಗಣದಲ್ಲಿ ಸುಮಾರು 35 ಸಾವಿರ ಜನ ಕೂರಬಹುದಿತ್ತು. ಅದು ಸಾಲದು ಅಂತ ಅಕ್ಕಪಕ್ಕದ ಯೂನಿವರ್ಸಿಟಿಗಳಿಂದ ಮರದ ಮೆಟ್ಟಿಲು ಸಾಲುಗಳನ್ನು ಎರವಲು ತಂದು ಜೋಡಿಸಿದರು. ವರ್ಷವಿಡೀ ಇವರ ಜೊತೆ ಜಿದ್ದಿಗೆ ಬೀಳುವ ಕಾಲೇಜುಗಳೇ ಅವನ್ನು ಕೊಟ್ಟವು. ನನಗೆ ಇದು ತುಂಬ ಹಿಡಿಸುತ್ತದೆ. ನಮ್ಮೂರಲ್ಲಿ ಮದುವೆ ಬಂದರೆ ಪಕ್ಕದ ಬೀದಿಯಿಂದ ಪಾತ್ರೆ, ಜಮಖಾನ, ಬೆಂಚು ಬರುತ್ತಿದ್ದವಲ್ಲ, ಹಾಗೆ. ಕೊನೆಗೆ 56 ಸಾವಿರ ಆಸನ ಆಯಿತು. ಎಲ್ಲ ಟಿಕೆಟ್ ಕೆಲವೇ ದಿನಗಳಲ್ಲಿ ಖರ್ಚಾದವು.

ಆರೆಗನ್ ತಂಡ ರೈಲು ಹತ್ತಿತು. ಕೊರ್ವಾಲಿಸ್‌ನಿಂದ ಡರ್ಹಮ್‌ಗೆ ಸುಮಾರು ಮೂರು ಸಾವಿರ ಮೈಲಿ. ಹಿಮದ ಬೆಟ್ಟ ದಾಟಿ, ಬಯಲು ದಾಟಿ, ಶಿಕಾಗೊ ದಾಟಿ ಕ್ರಿಸ್‌ಮಸ್ ಹೊತ್ತಿಗೆ ಇಲ್ಲಿಗೆ ಬಂದರು.

ಒಬ್ಬ ಹುಡುಗ ರೈಲು ಹತ್ತಲಿಲ್ಲ.

ಅವನ ಹೆಸರು ಜ್ಯಾಕ್ ಯೋಶಿಹಾರಾ. ಜಪಾನಿನಲ್ಲಿ ಹುಟ್ಟಿ, ಮೂರು ವರ್ಷದ ಮಗುವಾಗಿದ್ದಾಗ ಅಮೆರಿಕಕ್ಕೆ ಬಂದವನು. ಪೋರ್ಟ್‌ಲ್ಯಾಂಡ್‌ನಲ್ಲಿ ಬೆಳೆದು, ಅಲ್ಲೇ ಹೈಸ್ಕೂಲು ಮುಗಿಸಿ, ಆರೆಗನ್ ಸ್ಟೇಟ್ ತಂಡದಲ್ಲಿ ಮೀಸಲು ಆಟಗಾರನಾಗಿದ್ದ. ದೊಡ್ಡ ತಾರೆಯಲ್ಲ. ಆದರೆ ಮೀಸಲು ಆಟಗಾರ ಅಂದರೆ ಏನು ಅಂತ ಆಡಿದವರಿಗೆ ಗೊತ್ತು. ಮುಖ್ಯ ಆಟಗಾರರು ದಿನಾ ಗುದ್ದಾಡಿ ಗಟ್ಟಿಯಾಗುವುದು ಅವನ ಮೈಮೇಲೆ. ತಂಡ ಕೊಟ್ಟದ್ದು ಬರೀ 33 ಅಂಕ ಅಂದೆನಲ್ಲ, ಅದರಲ್ಲಿ ಅವನ ಪಾಲೂ ಇತ್ತು.

ಪರ್ಲ್ ಹಾರ್ಬರ್ ಆದ ಮೇಲೆ ಒಂದು ದಿನ ಅಭ್ಯಾಸದ ಹೊತ್ತಿನಲ್ಲಿ ಎಫ್‌ಬಿಐನವರು ಬಂದರು. ನೀನು ತಂಡದ ಜೊತೆ ಹೋಗುವಂತಿಲ್ಲ ಅಂದರು. ಜಪಾನ್ ಮೂಲದವರು ಗುಂಪು ಸೇರುವಂತಿಲ್ಲ, ಮನೆಯಿಂದ 35 ಮೈಲಿಗಿಂತ ಆಚೆ ಪ್ರಯಾಣ ಮಾಡುವಂತಿಲ್ಲ ಅನ್ನುವ ನಿರ್ಬಂಧ ಬಂದಿತ್ತು.

35 ಮೈಲಿ ಅಂದರೆ 56 ಕಿಲೋಮೀಟರ್. ಈ ಲೆಕ್ಕ ನನ್ನ ತಲೆಗೆ ಹತ್ತಿದ್ದು ಊರಿನ ದಾರಿ ನೆನಪಾದ ಮೇಲೆ. ಮೈಸೂರಿಂದ ಬೆಂಗಳೂರು ಕಡೆ ಹೊರಟಿದ್ದೀರಿ ಅಂದುಕೊಳ್ಳಿ. ಶ್ರೀರಂಗಪಟ್ಟಣ ಆಯಿತು, ಮಂಡ್ಯ ಆಯಿತು. ಮದ್ದೂರು ಇನ್ನೂ ಮುಟ್ಟಿಲ್ಲ, ಅಷ್ಟರಲ್ಲೇ ನಿಲ್ಲಬೇಕು. ಅಲ್ಲಿಂದ ಮುಂದೆ ನಿಮಗೆ ಭೂಮಿ ಇಲ್ಲ. ಒಂದು ಇಡೀ ಪಂದ್ಯ, ಅದರ ಬ್ಯಾಂಡು, ಪತ್ರಕರ್ತರು, ಎರಡು ತಂಡದ ಸಾಮಾನು, ಎಲ್ಲ ಸೇರಿ ಒಂದು ಸಾಗರದ ಬದಿಯಿಂದ ಇನ್ನೊಂದು ಸಾಗರದ ಬದಿಗೆ ಸರಿಯಿತು. ಒಬ್ಬ ಇಪ್ಪತ್ತರ ಹುಡುಗನಿಗೆ ಮದ್ದೂರು ಮುಟ್ಟಲು ಬಿಡಲಿಲ್ಲ.

ಈ ಕಥೆ ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಯೋಚಿಸಿದ್ದು ಯೋಶಿಹಾರಾ ಬಗ್ಗೆ ಅಲ್ಲ. ರೈಲು ಹತ್ತಿದ ಉಳಿದ ಹುಡುಗರ ಬಗ್ಗೆ. ಯಾಕೆ ಅಂತ ಹೇಳಬೇಕು.

ಡಿಗ್ರಿ ಓದುವಾಗ ನಾನು ಕಾಲೇಜಿನ ಕಬಡ್ಡಿ ತಂಡದಲ್ಲಿದ್ದೆ. ಒಂದು ವರ್ಷ ಹಾಸನದಲ್ಲಿ ಅಂತರ ಕಾಲೇಜು ಪಂದ್ಯಾವಳಿ ಇತ್ತು. ನಮ್ಮಲ್ಲಿ ಒಬ್ಬ ಹುಡುಗ ಇದ್ದ. ಕಾಲು ಹಿಡಿದರೆ ಬಿಡುತ್ತಿರಲಿಲ್ಲ, ಅಂಥ ಹಿಡಿತ. ಹೊರಡುವ ದಿನ ಬೆಳಿಗ್ಗೆ ಐದೂವರೆಗೆ ಎಲ್ಲರೂ ಬ್ಯಾಗು ಹಿಡಿದು ಗೇಟಿನ ಹತ್ತಿರ ಸೇರಿದ್ದೆವು. ಆಗ ಪಟ್ಟಿ ಓದಿದರು. ಅವನ ಹೆಸರು ಇರಲಿಲ್ಲ. ಫೀಸು ಬಾಕಿ ಇದೆ, ಕಟ್ಟದೆ ಕಳಿಸೋಕಾಗಲ್ಲ ಅಂದರು. ಅವನ ಮನೆಯಲ್ಲಿ ಆ ವರ್ಷ ಎರಡು ಎಮ್ಮೆ ಸತ್ತಿದ್ದವು, ನಮಗೆಲ್ಲ ಗೊತ್ತಿತ್ತು. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಅವನು ಬ್ಯಾಗು ಬಿಚ್ಚಿ ತನ್ನ ಮೊಣಕಾಲು ಪಟ್ಟಿ ತೆಗೆದು ನನ್ನ ಕೈಗೆ ಕೊಟ್ಟ. ನನ್ನದು ಹರಿದಿದೆ ಅಂತ ಅವನಿಗೆ ಗೊತ್ತಿತ್ತು. ನಾವು ಬಸ್ ಹತ್ತಿದೆವು. ಚನ್ನರಾಯಪಟ್ಟಣ ಬರುವಷ್ಟರಲ್ಲಿ ಬಸ್ಸಿನಲ್ಲಿ ಹಾಡು ಶುರುವಾಗಿತ್ತು.

ಎರಡೂ ಒಂದೇ ತೂಕದ ಸಂಗತಿ ಅಂತ ನಾನು ಹೇಳುತ್ತಿಲ್ಲ. ಅವನು ಸಂಜೆ ಮನೆಗೆ ಹೋದ, ಯೋಶಿಹಾರಾಗೆ ಮನೆಯೇ ಇಲ್ಲದ ಹಾಗೆ ಮಾಡಿದರು. ಆದರೆ ಬಸ್ಸಿನ ಕಿಟಕಿಯಿಂದ ನೋಡಿದ ಆ ಗೇಟು ನನ್ನ ಕಣ್ಣಲ್ಲಿ ಹಾಗೇ ಇದೆ. ಗೆಲ್ಲಲು ಹೊರಟವರು ಬಿಟ್ಟುಹೋದವನ ಕಡೆ ಹೆಚ್ಚು ಹೊತ್ತು ನೋಡುವುದಿಲ್ಲ. ನೋಡಿದರೆ ಹೊರಡೋಕಾಗಲ್ಲ.

ಅದೇ ಡಿಸೆಂಬರ್‌ನಲ್ಲಿ ಆರೆಗನ್‌ನದೇ ಇನ್ನೊಂದು ಕಾಲೇಜು ತಂಡಕ್ಕೆ ಬೇರೆಯೇ ಅನುಭವವಾಯಿತು. ಕೊರ್ವಾಲಿಸ್‌ಗೆ ಹತ್ತಿರದ ಸೇಲಂ ಊರಿನ ವಿಲಾಮೆಟ್ ಯೂನಿವರ್ಸಿಟಿ ಹುಡುಗರು ಹಡಗು ಹತ್ತಿ ಹವಾಯಿಗೆ ಹೋಗಿದ್ದರು. ಡಿಸೆಂಬರ್ 6ರಂದು ಹೊನೊಲುಲುವಿನಲ್ಲಿ ಹವಾಯಿ ಯೂನಿವರ್ಸಿಟಿ ಎದುರು ಆಡಿ 20–6ರಲ್ಲಿ ಸೋತರು. ಮರುದಿನ ಬೆಳಿಗ್ಗೆ ಊರು ನೋಡಲು ಹೋಗಬೇಕಿತ್ತು, ಬಸ್ಸಿಗೆ ಕಾಯುತ್ತಿದ್ದರು. ಅಷ್ಟರಲ್ಲಿ ಬಾಂಬ್ ದಾಳಿ. ಮುಂದಿನ ದಿನಗಳಲ್ಲಿ ಈ ಹುಡುಗರು ಸಮುದ್ರ ತೀರದಲ್ಲಿ ಮುಳ್ಳುತಂತಿ ಎಳೆದರು. ಹಳೇ ರೈಫಲ್ ಹಿಡಿದು ಒಂದು ಶಾಲೆಯ ಆವರಣಕ್ಕೆ ಕಾವಲು ನಿಂತರು. ಡಿಸೆಂಬರ್ 19ರಂದು ಪ್ರೆಸಿಡೆಂಟ್ ಕೂಲಿಜ್ ಅನ್ನುವ ಹಡಗಿನಲ್ಲಿ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಅದರಲ್ಲಿದ್ದ ಗಾಯಾಳುಗಳ ಆರೈಕೆ ಮಾಡುತ್ತ ಕ್ರಿಸ್‌ಮಸ್ ದಿನ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿದರು. ಯೋಶಿಹಾರಾ ವಯಸ್ಸಿನವರೇ. ಅದೇ ನದಿ ಬಯಲಿನ ಕಾಲೇಜು ಹುಡುಗರೇ. ಅವರ ಕೈಗೆ ದೇಶ ಬಂದೂಕು ಕೊಟ್ಟಿತು.

ಇನ್ನು ಪಂದ್ಯ. 1942ರ ಜನವರಿ 1, ಡರ್ಹಮ್. ಚಳಿ, ಮಳೆ, ಒದ್ದೆ ಅಂಗಳ. ಡ್ಯೂಕ್ ಗೆಲ್ಲುತ್ತದೆ ಅಂತ ಎಲ್ಲರೂ ನಂಬಿದ್ದರು. ಮೊದಲ ಅಂಕ ಆರೆಗನ್‌ನದು. ಡಾನ್ ಡರ್ಡನ್ ಚೆಂಡು ಹಿಡಿದು 15 ಗಜ ಓಡಿ ಗೆರೆ ದಾಟಿದ. ಡ್ಯೂಕ್‌ನ ಸ್ಟೀವ್ ಲ್ಯಾಕ್ ಸಮ ಮಾಡಿದ. ಅರ್ಧ ಆಟಕ್ಕೆ 7–7.

ಮೂರನೇ ಭಾಗದಲ್ಲಿ ಆಟ ಕಾವೇರಿತು. ಬಾಬ್ ಡೆತ್‌ಮನ್ ಎಸೆದ ಚೆಂಡನ್ನು ಜಾರ್ಜ್ ಜೆಲಿಕ್ ಹಿಡಿದ, 14–7. ಡ್ಯೂಕ್ ಮತ್ತೆ ಸಮ ಮಾಡಿತು. ಆಗ ಡೆತ್‌ಮನ್ ದೂರಕ್ಕೆ ಒಂದು ಚೆಂಡು ಎಸೆದ. ಜೀನ್ ಗ್ರೇ ಅನ್ನುವ ಹುಡುಗ ಅದನ್ನು ಹಿಡಿದು, ಅಡ್ಡ ಬಂದವನನ್ನು ತಪ್ಪಿಸಿ ಓಡಿದ. ಎಸೆತ, ಓಟ ಎರಡೂ ಸೇರಿ 68 ಗಜ. 20–14. ಕೊನೆಯ ಭಾಗದಲ್ಲಿ ಡ್ಯೂಕ್‌ನವರು ಡರ್ಡನ್‌ನನ್ನು ಅವನದೇ ಗೆರೆಯ ಹಿಂದೆ ಕೆಡವಿ ಎರಡು ಅಂಕ ಪಡೆದರು. ಆಮೇಲೆ ಮತ್ತೆ ಮತ್ತೆ ಮುನ್ನುಗ್ಗಿದರು. ಒದ್ದೆ ಚೆಂಡು ಮತ್ತೆ ಮತ್ತೆ ಅವರ ಕೈ ತಪ್ಪಿತು. 20–16. ಯಾರೂ ನಂಬದಿದ್ದ ತಂಡ ಗೆದ್ದಿತು. ಆರೆಗನ್ ಸ್ಟೇಟ್ ಇವತ್ತಿನವರೆಗೂ ಗೆದ್ದಿರುವ ಒಂದೇ ರೋಸ್ ಬೌಲ್ ಅದು.

ಆ 56 ಸಾವಿರ ಆಸನಗಳ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. ಆಗ ಈ ರಾಜ್ಯದಲ್ಲಿ ಕರಿಯರಿಗೂ ಬಿಳಿಯರಿಗೂ ಎಲ್ಲವೂ ಬೇರೆ ಬೇರೆ. ಶಾಲೆ ಬೇರೆ, ಬಸ್ಸಿನ ಸೀಟು ಬೇರೆ, ನೀರಿನ ನಲ್ಲಿ ಬೇರೆ. ಅಂಗಳದಲ್ಲಿ ಕರಿಯ ಆಟಗಾರ ಒಬ್ಬನೂ ಇರಲಿಲ್ಲ. ಇಲ್ಲಿ ನಮ್ಮವರಿಗೆ ಗೊತ್ತಿರಬೇಕಾದ ಒಂದು ಹೆಸರಿದೆ, ವಿಲ್ಮೆತ್ ಸಿದತ್ ಸಿಂಗ್. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಯೂನಿವರ್ಸಿಟಿ ತಂಡದಲ್ಲಿ ಚೆಂಡು ಎಸೆಯುತ್ತಿದ್ದವನು. ಹುಟ್ಟಿನಿಂದ ಕರಿಯ. ಅಪ್ಪ ತೀರಿಕೊಂಡ ಮೇಲೆ ತಾಯಿ ಭಾರತೀಯ ಮೂಲದ ಒಬ್ಬ ಡಾಕ್ಟರನ್ನು ಮದುವೆಯಾದರು, ಹೆಸರು ಅಲ್ಲಿಂದ ಬಂತು. ಪತ್ರಿಕೆಗಳು ಅವನನ್ನು ಹಿಂದೂ ಅಂತ ಬರೆದವು. ಹಿಂದೂ ಆಗಿರುವವರೆಗೆ ಆಡಬಹುದಿತ್ತು. 1937ರಲ್ಲಿ ಮೇರಿಲ್ಯಾಂಡ್ ವಿರುದ್ಧದ ಪಂದ್ಯದ ಹೊತ್ತಿಗೆ ಅವನು ಕರಿಯ ಅಂತ ಪತ್ರಿಕೆಯಲ್ಲಿ ಬಂತು. ಅವನನ್ನು ಹೊರಗೆ ಕೂರಿಸಿದರು. ಮರುವರ್ಷ ಅದೇ ಮೇರಿಲ್ಯಾಂಡ್ ಸಿರಾಕ್ಯೂಸ್‌ಗೆ ಬಂದಾಗ ಅವನು ಆಡಿದ, ತಂಡ 53–0ರಲ್ಲಿ ಗೆದ್ದಿತು. ಯುದ್ಧ ಬಂದಾಗ ಟಸ್ಕೀಗಿಯ ಕರಿಯ ವಿಮಾನ ಚಾಲಕರ ಪಡೆ ಸೇರಿದ. 1943ರಲ್ಲಿ ತರಬೇತಿಯ ವೇಳೆ ವಿಮಾನ ಕೆಟ್ಟು ಹ್ಯೂರಾನ್ ಸರೋವರದಲ್ಲಿ ಮುಳುಗಿ ಸತ್ತ. ನಮ್ಮ ಕಡೆಯ ಒಂದು ಹೆಸರು ಒಬ್ಬನಿಗೆ ಸ್ವಲ್ಪ ದಿನ ಕೊಡೆ ಹಿಡಿದಿತ್ತು. ಯೋಶಿಹಾರಾ ಅನ್ನುವ ಹೆಸರಿಗೆ ಆ ಕೊಡೆಯೂ ಇರಲಿಲ್ಲ.

ಪಂದ್ಯ ಮುಗಿದ ಮೇಲೆ ಎರಡೂ ತಂಡದ ಹುಡುಗರು ಸೇನೆಗೆ ಹೋದರು. ಕೋಚ್ ವೇಡ್ ಕೂಡ ಹೋದರು. ಐವತ್ತರ ಅಂಚಿನ ಮನುಷ್ಯ, ಮೊದಲ ಮಹಾಯುದ್ಧವನ್ನೂ ಕಂಡವರು. ಮನೆಯಲ್ಲೇ ಇದ್ದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೂ ಫಿರಂಗಿ ದಳದ ಅಧಿಕಾರಿಯಾಗಿ ಯುರೋಪಿಗೆ ಹೋಗಿ, ಕೊರೆಯುವ ಹಿಮದಲ್ಲಿ ನಡೆದ ಬಲ್ಜ್ ಕಾಳಗದಲ್ಲೂ ಇದ್ದರು. ಅಲ್ಲಿ ಅವರಿಗೆ ಆರೆಗನ್ ತಂಡದ ಸ್ಟ್ಯಾನ್ಲಿ ಚೆಕ್ ಎದುರಾದ.

ಇಟಲಿಯಲ್ಲಿ ನಡೆದದ್ದು ಇನ್ನೂ ಗಾಢ. ಡ್ಯೂಕ್‌ನ ಚಾರ್ಲ್ಸ್ ಹೇನ್ಸ್ ಒಂದು ಗುಡ್ಡದ ಮೇಲೆ ಗುಂಡು ತಗುಲಿ ಬಿದ್ದಿದ್ದ. ಹದಿನೇಳು ಗಂಟೆ ಹಾಗೇ ರಕ್ತ ಸುರಿಸುತ್ತ ಬಿದ್ದಿದ್ದನಂತೆ. ಅವನನ್ನು ಅಲ್ಲಿಂದ ಹೊತ್ತು ತಂದವರಲ್ಲಿ ಒಬ್ಬ ಫ್ರ್ಯಾಂಕ್ ಪಾರ್ಕರ್. ಡರ್ಹಮ್‌ನ ಮಳೆಯಲ್ಲಿ ಆರೆಗನ್ ಪರ ಆಡಿದ್ದ ಪಾರ್ಕರ್. ಒಂದು ಜನವರಿ ಮಧ್ಯಾಹ್ನ ಕೆಡವಲು ನೋಡಿದವನನ್ನೇ ಈಗ ಎತ್ತಿ ತಂದ. ಹೇನ್ಸ್ ಬದುಕಿದ.

ನಾಲ್ಕು ಜನ ವಾಪಸು ಬರಲಿಲ್ಲ. ಡ್ಯೂಕ್‌ನ ವಾಲ್ಟರ್ ಗ್ರಿಫಿತ್, ಅಲ್ ಹೂವರ್, ಬಾಬ್ ನ್ಯಾನಿ. ಆರೆಗನ್‌ನ ಎವರೆಟ್ ಸ್ಮಿತ್. ಹೂವರ್ ಪೆಲೆಲಿಯು ದ್ವೀಪದಲ್ಲಿ ಜೊತೆಯವರನ್ನು ಉಳಿಸಲು ಗ್ರೆನೇಡ್ ಮೇಲೆ ಬಿದ್ದು ಸತ್ತ. ನ್ಯಾನಿ ಐವೊ ಜೀಮಾದಲ್ಲಿ ಸತ್ತ. ಚೆಂಡು ಹಿಡಿದು ಓಡಿದ ಜೀನ್ ಗ್ರೇ ಜರ್ಮನಿಯ ಮೇಲೆ ಬಾಂಬರ್ ವಿಮಾನ ಹಾರಿಸಿ ಜೀವಂತ ಬಂದ. ಯುದ್ಧ ಮುಗಿದು ಮೂರು ವರ್ಷಕ್ಕೆ ಒಂದು ವಿಮಾನ ಅಪಘಾತವಾಯಿತು. ಎರಡೂ ತೋಳು ಹೋದವು. ಆ ಚೆಂಡು ಹಿಡಿದ ತೋಳುಗಳು. ಈ ಸಾಲು ಬರೆಯಲು ನನಗೆ ಕಷ್ಟವಾಯಿತು. ಆರೆಗನ್ ಸ್ಟೇಟ್ 1943 ಮತ್ತು 1944ರಲ್ಲಿ ತಂಡವನ್ನೇ ಕಟ್ಟಲಿಲ್ಲ. ಆಡಬೇಕಾದವರು ಯುದ್ಧದಲ್ಲಿದ್ದರು.

ಯೋಶಿಹಾರಾ ಎಲ್ಲಿದ್ದ?

1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅದರ ಬಲದ ಮೇಲೆ ಪಶ್ಚಿಮ ಕರಾವಳಿಯ ಜಪಾನ್ ಮೂಲದವರನ್ನೆಲ್ಲ ಮನೆ ಖಾಲಿ ಮಾಡಿಸುವ ಆಜ್ಞೆಗಳನ್ನು ಒಂದರ ಹಿಂದೆ ಒಂದು ಹೊರಡಿಸಿದವರು ಜನರಲ್ ಡಿವಿಟ್. ಪಂದ್ಯ ಬೇಡ ಅಂದಿದ್ದ ಅದೇ ಡಿವಿಟ್. ಸುಮಾರು 1,20,000 ಜನರನ್ನು ಹೊರಡಿಸಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದ ಪ್ರಜೆಗಳೇ. ಯೋಶಿಹಾರಾ ಪ್ರಜೆ ಆಗಿರಲಿಲ್ಲ. ಆಗಬೇಕು ಅಂದರೂ ಆಗಿನ ಕಾನೂನು ಜಪಾನಿನಲ್ಲಿ ಹುಟ್ಟಿದವರಿಗೆ ಅದನ್ನು ಕೊಡುತ್ತಿರಲಿಲ್ಲ. ವೀಸಾ ಕಾಗದದ ಮೇಲೆ ಹತ್ತಾರು ವರ್ಷ ಬದುಕಿರುವ ನಮ್ಮಂಥವರು ಈ ಸಾಲನ್ನು ಸುಲಭವಾಗಿ ದಾಟಿ ಹೋಗಲಾರೆವು, ಅಲ್ವಾ?

ಪೋರ್ಟ್‌ಲ್ಯಾಂಡ್‌ನವರನ್ನು ಮೊದಲು ಕೂಡಿಟ್ಟದ್ದು ದನದ ಜಾತ್ರೆ ನಡೆಯುತ್ತಿದ್ದ ದೊಡ್ಡ ಕಟ್ಟಡದಲ್ಲಿ. ಸಗಣಿ ನೆಲದ ಮೇಲೆ ಹಲಗೆ ಹಾಸಿ ಕೋಣೆ ಮಾಡಿದ್ದರು. ಬೇಸಿಗೆ ಏರಿದಂತೆ ಕೆಳಗಿನ ವಾಸನೆ ಮೇಲೆ ಬರುತ್ತಿತ್ತು, ನೊಣ ಮುತ್ತುತ್ತಿದ್ದವು. ಅಲ್ಲಿಂದ ಐಡಹೊ ರಾಜ್ಯದ ಒಣ ಬಯಲಲ್ಲಿದ್ದ ಮಿನಿಡೋಕಾ ಶಿಬಿರಕ್ಕೆ ರೈಲಿನಲ್ಲಿ ಕಳಿಸಿದರು. 35 ಮೈಲಿಗಿಂತ ಎಷ್ಟೋ ದೂರ. ಆ ದೂರಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಯೋಶಿಹಾರಾ ಡಿಗ್ರಿ ಮುಗಿಸಲು ಕೊರ್ವಾಲಿಸ್‌ಗೆ ಹಿಂದಿರುಗಲಿಲ್ಲ. 1988ರಲ್ಲಿ ಅಮೆರಿಕ ಸರ್ಕಾರ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿದ್ದ ಒಬ್ಬೊಬ್ಬರಿಗೂ 20,000 ಡಾಲರ್ ಕೊಟ್ಟಿತು. 2008ರಲ್ಲಿ ಆರೆಗನ್ ಸ್ಟೇಟ್ ಯೂನಿವರ್ಸಿಟಿ, ಯುದ್ಧದಿಂದ ಓದು ನಿಂತುಹೋದ ಜಪಾನ್ ಮೂಲದ 42 ವಿದ್ಯಾರ್ಥಿಗಳಿಗೆ ಗೌರವ ಪದವಿ ಕೊಟ್ಟಿತು. ಆ ಪಟ್ಟಿಯಲ್ಲಿ ಜ್ಯಾಕ್ ಯೋಶಿಹಾರಾ ಹೆಸರಿತ್ತು. ಅಷ್ಟರಲ್ಲಿ ಅವರಿಗೆ ಎಂಬತ್ತು ದಾಟಿತ್ತು. ಮರುವರ್ಷ ತೀರಿಕೊಂಡರು. ಗಮನಿಸಿದ್ದೀರಾ, ಇಲ್ಲಿಗೆ ಬರುವಷ್ಟರಲ್ಲಿ ನನ್ನ ಬಾಯಲ್ಲಿ ಅವನು ಅವರಾಗಿದ್ದಾರೆ. ಹುಡುಗನ ಕಥೆ ಹೇಳುತ್ತ ಹೇಳುತ್ತ ಒಂದು ಆಯುಷ್ಯವೇ ಕಳೆದುಹೋಯಿತು.

ಕ್ಷಮೆ ಕೇಳಿದ್ದು ದೊಡ್ಡದು ಅಂತಲೇ ನಾನು ನಂಬುತ್ತೇನೆ. ತಪ್ಪಾಯಿತು ಅಂತ ಕಾನೂನಿನಲ್ಲಿ ಬರೆಯುವ ದೇಶಗಳು ಹೆಚ್ಚಿಲ್ಲ. ಆದರೆ ಇಪ್ಪತ್ತರ ವಯಸ್ಸಿನ ಒಂದು ಮಧ್ಯಾಹ್ನ ಇದೆಯಲ್ಲ, ಬೆಂಚಿನ ಮೇಲೆ ಕಂಬಳಿ ಹೊದ್ದು ಕೂತು, ಜೀನ್ ಗ್ರೇ ಓಡುವಾಗ ಗಂಟಲು ಹರಿಯುವ ಹಾಗೆ ಕೂಗಬೇಕಿದ್ದ ಮಧ್ಯಾಹ್ನ, ಅದು ಯಾವ ಕಾನೂನಿಂದಲೂ ವಾಪಸು ಬರುವುದಿಲ್ಲ.

ಈ ವರ್ಷ ಜನವರಿ ಒಂದಕ್ಕೆ ಮಗಳನ್ನು ಮತ್ತೆ ಕ್ರೀಡಾಂಗಣದ ಹತ್ತಿರ ಕರೆದುಕೊಂಡು ಹೋಗಿದ್ದೆ. ಮಳೆ ಇರಲಿಲ್ಲ, ಬರೀ ಚಳಿ. ಅವಳಿಗೆ ಈಗ ಹತ್ತು ವರ್ಷ. ಬೇಲಿಯ ಆಚೆ ಹುಲ್ಲು ಕಾಣುವ ಒಂದು ಜಾಗದಲ್ಲಿ ನಿಂತು ಇಡೀ ಕಥೆ ಹೇಳಿದೆ. ಅವಳು ಪಂದ್ಯದ ಬಗ್ಗೆ ಏನೂ ಕೇಳಲಿಲ್ಲ. "35 ಮೈಲಿ ಅಂದ್ರೆ ಎಲ್ಲಿವರೆಗೆ ಅಪ್ಪ?" ಅಂದಳು.

ಕಾರಿನಲ್ಲಿ ಕೂತು ಮೀಟರನ್ನು ಸೊನ್ನೆಗೆ ತಂದೆ. ಪಶ್ಚಿಮಕ್ಕೆ, ಆರೆಗನ್ ಇರುವ ದಿಕ್ಕಿಗೆ ಹೆದ್ದಾರಿ ಹಿಡಿದೆವು. ಹಿಲ್ಸ್‌ಬರೊ ದಾಟಿತು. ಮೆಬೇನ್ ದಾಟಿತು. ಅವಳು ಮುಂದಕ್ಕೆ ಬಾಗಿ ಅಂಕಿ ಓದುತ್ತಿದ್ದಳು. ಬರ್ಲಿಂಗ್ಟನ್ ಹತ್ತಿರ 35 ಆಯಿತು. ಪಕ್ಕಕ್ಕೆ ಇಳಿದು ಒಂದು ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿದೆ. ಮನೆ ಬಿಟ್ಟು ಬಂದೆವು ಅಂತ ಅನ್ನಿಸುವಷ್ಟೂ ಹೊತ್ತಾಗಿರಲಿಲ್ಲ. ಅವಳು ಕಿಟಕಿ ಇಳಿಸಿ ಮುಂದೆ ಹೋಗುವ ಲಾರಿಗಳನ್ನು ನೋಡುತ್ತ ಕೂತಳು. ಫ್ಲಾಸ್ಕಿನಲ್ಲಿದ್ದ ಹಾಲು ಇನ್ನೂ ಬಿಸಿಯಾಗಿತ್ತು.